ಹಳೆಯ ಮಾದರಿ ಎಂಜಿನುಗಳ ಪ್ರಶ್ನೆ

ನಮ್ಮ ಶಾಲೆಯ ವಿಜ್ಞಾನ ಸಂಘದ ಕೋಣೆಯಲ್ಲಿ ಎರಡು ಮೇಜುಗಳನ್ನು ಜೋಡಿಸಿ ಹಾಸಿದ ಮಾದರಿ ರೈಲುಮಾರ್ಗವೊಂದುಂಟೆಂಬುದು ವಾಚಕರಲ್ಲಿ ಬಹುಮಂದಿಗೆ ತಿಳಿದ ವಿಷಯ. ಅದರ ಮೇಲೆ ಓಡುವ ಎಂಜಿನುಗಳು ಮೂರು. ಎರಡು, 1960ರ ಸುಮಾರಿನಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಟ್ರೈ-ಆಂಗ್ ಎಂಜಿನುಗಳು; ಮೂರನೆಯದು ಈಚಿನದು. ಮೂರನ್ನೂ ಕೊಟ್ಟವರು ನಮ್ಮಲ್ಲಿಯೇ ಕಲಿತು, ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಯೊಬ್ಬರು. ಅವರು ಇಂದು ನಮ್ಮೊಡನಿಲ್ಲ. ಈ ವರ್ಷ ಇನ್ನೊಬ್ಬ ಮಹನೀಯರು ಈ ಎಂಜಿನುಗಳಿಗೆ ಡಿಜಿಟಲ್ ನಿಯಂತ್ರಣವನ್ನು ಅಳವಡಿಸುವ ವೆಚ್ಚವನ್ನು ವಹಿಸಲು ಮುಂದೆ ಬಂದಿರುವರು. ಅವರ ಔದಾರ್ಯಕ್ಕೆ ನಾವು ಕೃತಜ್ಞರು. ಆದರೂ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿದೊಡನೆ ಎರಡು ಪಕ್ಷಗಳಾದುವು. ಆದುದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ಅರಿಕೆ ಮಾಡುವುದು ಉಚಿತವೆಂದು ತೋರಿತು.

ಹಳೆಯ ಕ್ರಮ ಬಲು ಸರಳವಾದುದು. ಎರಡು ಹಳಿಗಳಲ್ಲಿ 12 ವೋಲ್ಟಿನವರೆಗೆ ನೇರ ವಿದ್ಯುತ್ತು ಹರಿಯುತ್ತದೆ. ಗುಂಡಿಯನ್ನು ತಿರುಗಿಸಿದಷ್ಟು ವೋಲ್ಟೇಜು ಏರಿ ವೇಗ ಹೆಚ್ಚುತ್ತದೆ, ಧನ-ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ. ಹೊಸ ಕ್ರಮದಲ್ಲಿ ಹಳಿಯ ಮೇಲೆ ಪೂರ್ಣ ವೋಲ್ಟೇಜು ಸದಾ ಇರುವುದು. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಸ್ಪಂದನಗಳ ರೂಪದಲ್ಲಿ ಹರಿಯುತ್ತದೆ. ಗಿಡ್ಡ ಸ್ಪಂದನವೆಂದರೆ ಒಂದು, ಉದ್ದದ್ದೆಂದರೆ ಸೊನ್ನೆ. ಪ್ರತಿ ಎಂಜಿನಿನ ಹೊಟ್ಟೆಯಲ್ಲಿಯೂ ಡಿಕೋಡರ್ ಎಂಬ ಪುಟ್ಟ ಫಲಕವಿದ್ದು, ತನ್ನ ಸಂಖ್ಯೆಗೆ ಬಂದ ಅಪ್ಪಣೆಯನ್ನು ಮಾತ್ರ ಪಾಲಿಸುತ್ತದೆ. ಹೊಸದಾಗಿ ಕೊಂಡ ಡಿಕೋಡರಿಗೆ ಸಾಮಾನ್ಯವಾಗಿ 3 ಎಂಬ ಸಂಖ್ಯೆಯಿರುತ್ತದೆ. ಅದನ್ನು ನಾವು ಬದಲಿಸಿಕೊಳ್ಳಬೇಕು. ಒಂದೇ ಹಳಿಯ ಮೇಲೆ ಒಂದು ಗಾಡಿ ನಿಂತಿರಲು ಇನ್ನೊಂದು ಚಲಿಸಬಲ್ಲದೆಂಬುದು ಇದರ ದೊಡ್ಡ ಗುಣ. ನಮ್ಮ ಮೇಜಿನ ಮೇಲೆ ಇದು ಇಂದು ಆಗದ ಮಾತು. ಗುಂಡಿ ತಿರುಗಿಸಿದರೆ ಹಳಿಯ ಮೇಲಿದ್ದವೆಲ್ಲ ಒಟ್ಟಿಗೆ ಹೊರಡುತ್ತವೆ.

ಬದಲಾವಣೆಯ ಪರವಾಗಿ ಇನ್ನೊಂದು ವಾದವೂ ಉಂಟು. ಕನ್ನಡ ಮಾಧ್ಯಮದ ಶಾಲೆಯೆಂದರೆ ಕಾಲಕ್ಕೆ ಹಿಂದಾದ ಶಾಲೆಯೆಂದು ಮೂಗು ಮುರಿಯುವವರು ಈ ನಗರದಲ್ಲಿ ಕಡಿಮೆಯಿಲ್ಲ. ದಾಖಲಾತಿಗೆಂದು ಬಂದ ತಂದೆತಾಯಿಗಳ ಕಣ್ಣಿಗೆ ಡಿಜಿಟಲ್ ರೈಲು ಬಿದ್ದರೆ ನಮ್ಮ ಬಗ್ಗೆ ಅವರ ಭಾವನೆ ಬದಲಾದೀತೆಂದು ಕೆಲವು ಹಿರಿಯರ ಆಶಯ. ಮಕ್ಕಳ ಸಂಖ್ಯೆಯ ಚಿಂತೆ ನಮಗೂ ಇದೆ. ಈ ಮಾತನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ತೋರಿಕೆಗಾಗಿ ಮಾಡಿದ ಕೆಲಸ ತೋರಿಕೆಯಲ್ಲಿಯೇ ಮುಗಿಯುತ್ತದೆ. ಒಮ್ಮೆ ಏಳನೆಯ ತರಗತಿಯ ಬಾಲಕಿಯೊಬ್ಬಳು ಎಂಜಿನನ್ನು ಎತ್ತಿ, ಮುಖ ತಿರುಗಿಸಿ ಹಳಿಯ ಮೇಲಿಟ್ಟಳು. ಅದು ಈಗ ಎದುರು ದಿಕ್ಕಿಗೆ ಹೋಗುವುದೆಂದು ಎಲ್ಲರೂ ಎಣಿಸಿದ್ದರು. ಅದು ಮೊದಲಿನ ದಿಕ್ಕಿಗೇ, ಹಿಂದುಮುಂದಾಗಿ ಓಡಿತು. ಏಕೆಂಬುದನ್ನು ಬಿಡಿಸಲು ಆ ಮಕ್ಕಳಿಗೆ ಎರಡು ದಿನ ಹಿಡಿಯಿತು. ಬಿಡಿಸಿದ ಮೇಲೆ ಧನ-ಋಣಗಳ ಪಾಠವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಡಿಜಿಟಲ್ ಎಂಜಿನಾದರೆ ತನ್ನ ಮುಖವಿದ್ದ ಕಡೆಗೆ ಸುಮ್ಮನೆ ಹೋಗುತ್ತಿತ್ತು.

ನಮ್ಮ ಕೋಣೆಯ ಕಿಟಕಿಯಾಚೆ ಓಡುವ ದೊಡ್ಡ ರೈಲೂ ಇಂಥದೇ ಪ್ರಶ್ನೆಯನ್ನು ಎದುರಿಸಿದ್ದಿತು. ಪಶ್ಚಿಮ ಮಾರ್ಗದಲ್ಲಿ 1928ರಲ್ಲಿ ವಿದ್ಯುತ್ ಗಾಡಿಗಳು ಆರಂಭವಾದದ್ದು 1,500 ವೋಲ್ಟಿನ ಡಿ.ಸಿ. ವಿದ್ಯುತ್ತಿನಿಂದ. 2012ರ ಫೆಬ್ರವರಿಯಲ್ಲಿ ಇಲ್ಲಿ 25,000 ವೋಲ್ಟಿನ ಎ.ಸಿ.ಗೆ ಪರಿವರ್ತನೆ ಪೂರ್ಣವಾಯಿತು. ಹಾರ್ಬರ್ ಮಾರ್ಗದಲ್ಲಿ 2016ರಲ್ಲಿ. ಹಳೆಯ ಗಾಡಿ ಹೊಸ ತಂತಿಯ ಕೆಳಗೆ ಓಡಲಾರದು. ಆದುದರಿಂದ ಎರಡು ವಿಧದ ವಿದ್ಯುತ್ತಿನಲ್ಲಿಯೂ ಓಡಬಲ್ಲ ಗಾಡಿಗಳನ್ನು ಮೊದಲು ತಂದು, ತಂತಿಯನ್ನು ಆಮೇಲೆ ಬದಲಿಸಿದರು. ಸಾಂತಾಕ್ರೂಜ್ ನಿಲ್ದಾಣದಲ್ಲಿ ನಿಂತ ಪ್ರಯಾಣಿಕನಿಗೆ ಇದು ಗೊತ್ತೇ ಆಗದಂತೆ ನಡೆಯಿತು. ಅಲ್ಲಿ ಜನಸಂದಣಿಯ ಒತ್ತಾಯವಿತ್ತು, ಹೆಚ್ಚು ಗಾಡಿಗಳಿಗೆ ಹೆಚ್ಚು ಶಕ್ತಿ ಬೇಕಾಗಿತ್ತು. ನಮ್ಮ ಮೇಜಿನ ಮೇಲೆ ಅಂಥ ಒತ್ತಾಯವಿಲ್ಲ; ಆದರೆ ಆ ಕೆಲಸದ ಕ್ರಮವನ್ನು ನಾವು ಎರವಲು ಪಡೆಯಬಹುದು.

ಅವಸರ ಮಾಡಿದರೆ ಏನಾಗುವುದೆಂಬುದನ್ನು ನಾವು ಕಂಡಿದ್ದೇವೆ. ಕಳೆದ ವರ್ಷ ಎರವಲು ತಂದ ಡಿಜಿಟಲ್ ನಿಯಂತ್ರಕವನ್ನು ಜೋಡಿಸಿ, ಡಿಕೋಡರಿಲ್ಲದ ಟ್ರೈ-ಆಂಗ್ ಎಂಜಿನನ್ನು ಹಾಗೆಯೇ ಹಳಿಯ ಮೇಲಿಟ್ಟೆವು. ಅದು ನಿಂತಲ್ಲಿಯೇ ದುಂಬಿಯಂತೆ ಗುಂಯ್‌ಗುಟ್ಟಿತು. ಮಕ್ಕಳು ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಬಿಸಿ ಎಣ್ಣೆಯ ವಾಸನೆ ಬರಲು, ಎತ್ತಿ ನೋಡಿದರೆ ಮೋಟಾರು ಕೈಸುಡುವಷ್ಟು ಕಾದಿತ್ತು. ತಪ್ಪು ನಮ್ಮದೇ.

ಆ ಎಂಜಿನುಗಳೊಳಗಿನ ಮೋಟಾರಿನ ರಚನೆಯೇ ಬೇರೆ. ಅದರ ಎರಡು ಇಂಗಾಲದ ಬ್ರಷ್ಷುಗಳಲ್ಲಿ ಒಂದು ಎಂಜಿನಿನ ಲೋಹದ ಚೌಕಟ್ಟಿಗೆ ತಗಲಿಕೊಂಡಿರುತ್ತದೆ. ಚೌಕಟ್ಟಿನ ಮೂಲಕವೇ ವಿದ್ಯುತ್ತು ಹಾಯುವುದು. ಅದನ್ನು ಬೇರ್ಪಡಿಸದೆ ಡಿಕೋಡರನ್ನು ಕೂಡಿಸಿದರೆ ಡಿಕೋಡರು ಸುಟ್ಟುಹೋಗುವುದು ಖಂಡಿತ. ಬ್ರಷ್ಷಿನ ತಂತಿಗೆ ಅವಾಹಕದ ತೋಳು ತೊಡಿಸಿ ಬೇರ್ಪಡಿಸಬಹುದು. ಕುಶಲಕರ್ಮಿಗೆ ಇದು ಕಷ್ಟವಲ್ಲ. ಆದರೆ ವರ್ಷಗಳು ಕಳೆದಂತೆ ಅಯಸ್ಕಾಂತ ಸೊರಗಿ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಸಾಮಾನ್ಯ ಡಿಕೋಡರು ಒಂದು ಆಂಪಿಯರಿನಷ್ಟನ್ನು ತಾಳೀತು. ಮೇಲಾಗಿ ಫಲಕಕ್ಕೆ ಎಡೆ ಮಾಡಲು ಒಳಗಿನ ಲೋಹವನ್ನು ಅರದಿಂದ ಉಜ್ಜಿ ತೆಗೆಯಬೇಕಾಗಬಹುದು. ಉಜ್ಜಿದ ಲೋಹ ಮರಳಿ ಬಾರದು. ಇಷ್ಟೆಲ್ಲ ಮಾಡಿದರೂ ಡಿಕೋಡರಿನ ಬೆಲೆ ಹಳೆಯ ಎಂಜಿನಿನ ಬೆಲೆಯನ್ನು ಮೀರಿದರೆ, ಮೂಗಿಗಿಂತ ಮೂಗುತಿ ಭಾರವಾದಂತೆಯೇ ಸರಿ.

ಆದುದರಿಂದ ನಮ್ಮ ಮತವಿಷ್ಟು: ಮರಳಿ ಮೊದಲಿನಂತೆ ಮಾಡಬಹುದಾದ ಎಂಜಿನನ್ನು ಮಾತ್ರ ಬದಲಿಸತಕ್ಕದ್ದು. ಮೂರನೆಯ ಎಂಜಿನಿನಲ್ಲಿ ಡಿಕೋಡರಿಗೆಂದೇ ಎಂಟು ರಂಧ್ರಗಳ ಕೂಡುದಾಣವಿದೆ. ಅದಕ್ಕೆ ಈ ವರ್ಷವೇ ಅಳವಡಿಸೋಣ. ಉಳಿದ ಹಣದಿಂದ ಡಿಕೋಡರು ಸಹಿತವಾದ ಹೊಸ ಎಂಜಿನೊಂದನ್ನು ಕೊಂಡರೆ, ಒಂದೇ ಹಳಿಯ ಮೇಲೆ ಎರಡು ಗಾಡಿ ಓಡಿಸುವ ಮಕ್ಕಳ ಆಸೆಯೂ ತೀರುವುದು. ಟ್ರೈ-ಆಂಗ್ ಎಂಜಿನುಗಳೆರಡೂ ಇದ್ದಂತೆಯೇ ಇರಲಿ. ಮಹನೀಯರು ಮೂರಕ್ಕೂ ಎಂದು ಕೊಟ್ಟ ಮಾತನ್ನು ಹೀಗೆ ತಿದ್ದಿಕೊಳ್ಳುವಂತೆ ಕೇಳುವುದು ನಮಗೆ ಸಂಕೋಚದ ಸಂಗತಿಯೇ ಆದರೂ ಕೇಳಬೇಕಾಗಿದೆ.

ಮೇಜಿಗೆ ಎರಡು ನಿಯಂತ್ರಕಗಳಿರುವಾಗ ಅವು ಎಂದಿಗೂ ಏಕಕಾಲದಲ್ಲಿ ಹಳಿಗೆ ಸೇರಬಾರದು. ಒಂದು ಕಡೆಗೆ ಒತ್ತಿದರೆ ಇನ್ನೊಂದರ ಎರಡು ತಂತಿಗಳೂ ಕಳಚಿಕೊಳ್ಳುವಂಥ ಸ್ವಿಚ್ಚನ್ನು ಹತ್ತನೆಯ ತರಗತಿಯವರು ಈಗಾಗಲೇ ಹಲಗೆಗೆ ಜೋಡಿಸಿರುವರು. ಡಿಜಿಟಲ್ ಕಡೆಗೆ ಒತ್ತುವ ಮುನ್ನ ಹಳೆಯ ಎಂಜಿನುಗಳನ್ನು ಹಳಿಯಿಂದ ಎತ್ತಿ ಕಪಾಟಿನಲ್ಲಿಡುವ ಹೊಣೆ ಸಂಘದ ಕಾರ್ಯದರ್ಶಿಯದು. ಆ ಎರಡು ಎಂಜಿನುಗಳ ಬ್ರಷ್ಷುಗಳು ಬಹಳ ಸವೆದಿವೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಬಳಿಯಾದರೂ ಅವಕ್ಕೆ ಹೊಂದುವ ಬ್ರಷ್ಷುಗಳಿದ್ದರೆ ವಿಜ್ಞಾನ ಸಂಘಕ್ಕೆ ತಲಪಿಸಬೇಕೆಂದು ಕೋರುವೆವು.