ಬದುಕಿನ ಕಥೆಗೆ ಬಾಡಿಗೆ ಇಂಗ್ಲಿಷ್ ಏಕೆ?

ನಾಗಸಂದ್ರದ ಕನ್ನಡಿಗರೇ, ಕಣ್ಣು ಬಿಡಿ! ಪೀಣ್ಯದ ಲೇತ್ ಕಾರ್ಮಿಕನ ಮಗಳು ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಹೋದರೆ, ‘ನಿನ್ನ ಬದುಕಿನ ಬಗ್ಗೆ ಬರೆ, ಇಂಗ್ಲಿಷಿನಲ್ಲೇ ಬರೆ’ ಎನ್ನುವವರಿದ್ದಾರೆ. ಅದನ್ನು ತಿದ್ದಿಕೊಡಲು ಸಾವಿರಗಟ್ಟಲೆ ಕೀಳುವ ಟ್ಯೂಷನ್ ಅಂಗಡಿಗಳೂ ಇವೆ. ಕಾಸಿದ್ದವನ ಮಗನಿಗೆ ಬಾಡಿಗೆ ಪ್ರಬಂಧ, ಕಾರ್ಮಿಕನ ಮಗಳಿಗೆ ಬರಿಗೈ! ಇದು ಪ್ರತಿಭೆಯ ಪರೀಕ್ಷೆಯೋ, ಅಪ್ಪನ ಜೇಬಿನ ಪರೀಕ್ಷೆಯೋ?

ಕನ್ನಡದಲ್ಲಿ ಆಗದು ಎಂಬ ಸಬೂಬು ಬೇಡ. 2017ರಿಂದ ನೀಟ್, 2021ರಿಂದ ಜೆಇಇ ಮೇನ್ ಕನ್ನಡದಲ್ಲೂ ನಡೆಯುತ್ತಿವೆ. ಭೌತಶಾಸ್ತ್ರಕ್ಕೆ ಒದಗಿದ ಕನ್ನಡ ಬದುಕಿನ ಕಥೆಗೆ ಸಾಲದೇ?

ಈ ನೆಲದ ವಿಶ್ವವಿದ್ಯಾಲಯಗಳು ಕನ್ನಡ ಪ್ರಬಂಧವನ್ನೂ ಸ್ವೀಕರಿಸಲೇಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ. ಓದಿದವರೇ, ಭಾನುವಾರ ಎರಡು ಗಂಟೆ ನಿಮ್ಮ ಬೀದಿಯ ಮಕ್ಕಳಿಗೆ ಕೊಡಿ. ಮೊದಲು ಕನ್ನಡದಲ್ಲಿ ಬರೆಸಿ, ಆಮೇಲೆ ಇಂಗ್ಲಿಷಿಗೆ ತರಲು ಕಲಿಸಿ. ತಿದ್ದಿ, ಬರೆದುಕೊಡಬೇಡಿ. ಕಥೆ ಅವರದೇ ಇರಲಿ!