ಕೋಳಿ ಕೂಗಿದರೆ ನಿಮಗೇನು ಕಷ್ಟ ಸ್ವಾಮಿ?

ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ಹೊಸ ಠರಾವು ಪಾಸು ಮಾಡಲು ಹೊರಟಿದ್ದಾರೆ. ಇನ್ನು ಮುಂದೆ ಇಲ್ಲಿ ಯಾರೂ ಕೋಳಿ ಸಾಕಬಾರದಂತೆ! ಕಾರಣ ಮೂರು - ಸದ್ದು, ವಾಸನೆ, ರೋಗ. ವಾಟ್ಸಾಪ್ ಗುಂಪಿನಲ್ಲಿ ಇದು ಬಂದ ಹತ್ತೇ ನಿಮಿಷದಲ್ಲಿ ಸಾಲುಸಾಲು ಹೆಬ್ಬೆರಳು ಬಿದ್ದವು. ನಾನೊಂದು ಪ್ರಶ್ನೆ ಹಾಕಿದೆ: "ಸಂಘದ ಸದಸ್ಯರೇ ಅಲ್ಲದವರ ಹಿತ್ತಿಲ ಮೇಲೆ ಸಂಘಕ್ಕೆ ಏನು ಅಧಿಕಾರ?" ಉತ್ತರ ಇವತ್ತಿಗೂ ಬಂದಿಲ್ಲ. ಅದಕ್ಕೇ ಇಲ್ಲಿ ಕುಟ್ಟುತ್ತಾ ಕೂತಿದ್ದೇನೆ :)

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮದು ಬೆಂಗಳೂರಿನಾಚೆ ನೆಲಮಂಗಲದ ಕಡೆಯ ಬಡಾವಣೆ. ಮೊದಲು ಇಲ್ಲಿ ರಾಗಿ ಹೊಲ ಇತ್ತು. ಹಿಂದಿನ ಬೀದಿಯಲ್ಲಿ ಊರಿನ ಹಳೇ ಮನೆಗಳು ಒಂದಷ್ಟು ಉಳಿದಿವೆ, ಅವರ ಹಿತ್ತಿಲಲ್ಲಿ ಕೋಳಿಗಳಿವೆ. ನಮ್ಮ ಮನೆಯಲ್ಲೂ ಅಮ್ಮ ಸಾಕಿರುವ ನಾಲ್ಕು ಹೇಟೆಗಳಿವೆ, ಹಾಗಾಗಿ ನಾನು ಪಕ್ಷಪಾತಿ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ನಾಲ್ಕು ಹೋದರೆ ಅಮ್ಮ ನಾಲ್ಕು ದಿನ ಮುಖ ಊದಿಸಿಕೊಂಡಿರುತ್ತಾಳೆ, ಅಷ್ಟೇ. ಆದರೆ ಹಿಂದಿನ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಂಟು ಕೋಳಿ. ಮೊಟ್ಟೆಗೆ ಹದಿನೈದು ರೂಪಾಯಿಯಂತೆ ಮಾರಿ ಬೀಪಿ ಮಾತ್ರೆ ತರುತ್ತಾರೆ, ಮಗನ ಮುಂದೆ ಕೈ ಚಾಚುವುದಿಲ್ಲ. ಅವರನ್ನು ಯಾರಾದರೂ ಒಂದು ಮಾತು ಕೇಳಿದರಾ? ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅಂತ ಗಾದೆ. ಇಲ್ಲಿ ಕೋಳಿ ಸಾಕಿದವರನ್ನೂ ಕೇಳುವುದಿಲ್ಲ!

ಇರಲಿ, ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಸದ್ದು. ಕೂಗುವುದು ಹುಂಜ, ಹೇಟೆ ಅಲ್ಲ. ಹೇಟೆ ಮೊಟ್ಟೆ ಇಟ್ಟಾಗ ಒಂದೆರಡು ನಿಮಿಷ ಕೊಕ್ಕೋ ಅಂತ ಊರಿಗೆಲ್ಲ ಸಾರುತ್ತದೆ, ಅದೂ ಹಗಲು ಹೊತ್ತಿನಲ್ಲಿ. ಮೊಟ್ಟೆ ಇಡಲು ಹುಂಜ ಬೇಕೇ ಬೇಕು ಅಂತ ನಮ್ಮ ಗುಂಪಿನಲ್ಲಿ ಇಬ್ಬರು ಇಂಜಿನಿಯರುಗಳು ವಾದ ಮಾಡಿದರು. ಬೇಡ ಸ್ವಾಮಿ. ಹುಂಜ ಬೇಕಾಗುವುದು ಮರಿ ಆಗಬೇಕು ಅಂದಾಗ ಮಾತ್ರ. ಇನ್ನು ಹುಂಜದ ವಿಷಯ ಬಂದರೆ, ಒತ್ತೊತ್ತಾಗಿ ಮನೆಗಳಿರುವ ಕಡೆ ಅದು ಕಷ್ಟವೇ, ಒಪ್ಪುತ್ತೇನೆ. ಬೆಳಕು ಹರಿದಾಗ ಮಾತ್ರ ಕೂಗುವ ಪ್ರಾಣಿ ಅಲ್ಲ ಅದು. ೨೦೧೩ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜವನ್ನು ಮಂದ ಬೆಳಕಿನಲ್ಲೇ ಇಟ್ಟು ನೋಡಿದರು. ಅದು ತನ್ನ ಮೈಯೊಳಗಿನ ಗಡಿಯಾರದ ಪ್ರಕಾರ ಕೂಗಿತು. ಹಾಗಾಗಿ "ಮಂಕರಿ ಮುಚ್ಚಿಡಿ" ಅನ್ನುವುದು ಪೂರ್ತಿ ಪರಿಹಾರ ಅಲ್ಲ. ಬಡಾವಣೆಯೊಳಗೆ ಹುಂಜ ಬೇಡ ಅನ್ನಿ, ನಾನೂ ಸಹಿ ಹಾಕುತ್ತೇನೆ.

ಆದರೆ ಇದೇ ಬಡಾವಣೆಯಲ್ಲಿ ರಾತ್ರಿ ಎರಡಕ್ಕೆ ಬೋರ್‌ವೆಲ್ ಕೊರೆದಾಗ ಯಾರೂ ಉಸಿರೆತ್ತಲಿಲ್ಲವಲ್ಲ? ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿ ೪೫ ಡೆಸಿಬೆಲ್. ಅದನ್ನು ಆರ್ಕೆಸ್ಟ್ರಾಕ್ಕೂ ಅನ್ವಯಿಸಿ, ಆಮೇಲೆ ಕೋಳಿಯ ಹತ್ತಿರ ಬನ್ನಿ.

ಎರಡನೆಯದು ವಾಸನೆ. ಕೋಳಿ ಹಿಕ್ಕೆ ಒದ್ದೆಯಾಗಿದ್ದರೆ ಅಮೋನಿಯಾ ಹೊರಟು ಗಬ್ಬು ನಾರುತ್ತದೆ, ಒಣಗಿದ್ದರೆ ಅಷ್ಟು ನಾರುವುದಿಲ್ಲ. ಗೂಡಿನಲ್ಲಿ ಭತ್ತದ ಹೊಟ್ಟು ಹಾಸಿ, ಮಳೆನೀರು ಒಳಗೆ ಬರದ ಹಾಗೆ ನೋಡಿಕೊಂಡು, ವಾರಕ್ಕೊಮ್ಮೆ ಕೆದಕಿದರೆ ಮುಗಿಯಿತು. ನಾಲ್ಕು ಕೋಳಿಯ ಗೊಬ್ಬರ ನಮ್ಮ ಕರಿಬೇವಿನ ಗಿಡಕ್ಕೇ ಸಾಲದು. ಅದೇ ಪಾರಿವಾಳ ನೋಡಿ! ಸಂಘದ ಪದಾಧಿಕಾರಿಯೊಬ್ಬರ ತಾರಸಿಯಲ್ಲಿ ದಿನಾ ಬೆಳಿಗ್ಗೆ ಜೋಳ ಬೀಳುತ್ತದೆ, ಇಡೀ ಬೀದಿಯ ಸಜ್ಜೆಗಳೆಲ್ಲ ಬೆಳ್ಳಗಾಗಿವೆ. ಆ ಹಿಕ್ಕೆಯ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು ಅಂತ ವೈದ್ಯರು ಬಡಿದುಕೊಳ್ಳುತ್ತಿದ್ದಾರೆ. ಅದು ಪುಣ್ಯ, ಇದು ಗಲೀಜು.

ಮೂರನೆಯದು ರೋಗ. ಇದು ಮಾತ್ರ ಗಂಭೀರವಾದ ಮಾತು, ತಮಾಷೆ ಮಾಡುವುದಿಲ್ಲ. ೨೦೨೫ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂತು. ಹಿತ್ತಿಲ ಕೋಳಿಗೆ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ೨೦೧೨ರಲ್ಲಿ ಅದು ಬಂದದ್ದು ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರಕ್ಕೆ. ಕಾಡುಹಕ್ಕಿ ಹೊತ್ತು ತರುವ ರೋಗಕ್ಕೆ ಅಜ್ಜಿಯ ಹಿತ್ತಿಲೂ ಒಂದೇ, ಸರ್ಕಾರದ ಫಾರಮ್ಮೂ ಒಂದೇ. ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಕೋಳಿ ಸಾಕುವುದೇ ಅಪರಾಧ ಅಂತ ಮಾಡಿಬಿಟ್ಟರೆ ಯಾರು ತಿಳಿಸುತ್ತಾರೆ ಹೇಳಿ?

ನಮ್ಮ ಕಡೆ ಕೋಳಿಗಳನ್ನು ಜಾಸ್ತಿ ಕೊಲ್ಲುವುದು ಕೊಕ್ಕರೆ ರೋಗ. ಅದಕ್ಕೆ ಲಸಿಕೆ ಇದೆ. ತೊಂದರೆ ಏನೆಂದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಮದ್ದಿರುತ್ತದೆ, ಬೆರೆಸಿದ ಮೇಲೆ ಕೆಲವೇ ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿಯ ಅಜ್ಜಿ ಒಬ್ಬರೇ ಹೋಗಿ ಏನು ಮಾಡಿಯಾರು? ಸಂಘ ಒಂದು ಭಾನುವಾರ ಎಲ್ಲರ ಕೋಳಿಗಳಿಗೂ ಒಟ್ಟಿಗೆ ಹಾಕಿಸಿದರೆ ಅದು ನಿಜವಾದ ರೋಗ ನಿಯಂತ್ರಣ.

ಇನ್ನು ಇಲಿ, ಹೆಗ್ಗಣ ಬರುತ್ತವೆ, ಅದರ ಹಿಂದೆ ಹಾವು ಬರುತ್ತದೆ ಅಂತ ಒಬ್ಬರ ತಕರಾರು. ರಾತ್ರಿ ನುಚ್ಚು ಚೆಲ್ಲಿ ಬಿಟ್ಟರೆ ಖಂಡಿತ ಬರುತ್ತವೆ. ಸಂಜೆ ಗುಡಿಸಿ, ಕಾಳನ್ನು ಡಬ್ಬಿಗೆ ತುಂಬಿ ಮುಚ್ಚಬೇಕು. ಅದು ಸಾಕುವವರ ಜವಾಬ್ದಾರಿ. ಖಾಲಿ ಸೈಟಿಗೆ ಕಸದ ಚೀಲ ಎಸೆಯದೆ ಇರುವುದು ಮಿಕ್ಕವರ ಜವಾಬ್ದಾರಿ :)

ನಾನು ಕೆಲಸ ಮಾಡುವ ಕಡೆ ಬಗ್ ಬಂದರೆ ಬಗ್ ಸರಿ ಮಾಡುತ್ತಾರೆ. ಇಡೀ ಸಾಫ್ಟ್‌ವೇರನ್ನೇ ಅಳಿಸಿಬಿಡಿ ಅಂತ ಯಾರೂ ಮೇಲ್ ಹಾಕುವುದಿಲ್ಲ. ಇಲ್ಲಿ ಪ್ರತಿಯೊಂದು ದೂರಿಗೂ ಪರಿಹಾರ ಇದ್ದರೂ ಬೇಕಾಗಿರುವುದು ನಿಷೇಧವೇ. ಯಾಕೆ? "ನಮ್ಮದು ಡೀಸೆಂಟ್ ಏರಿಯಾ" ಅಂತ ಒಬ್ಬರು ಬರೆದರು ನೋಡಿ, ಅಸಲು ಕಾರಣ ಅಲ್ಲಿದೆ. ನಾಯಿ ಡೀಸೆಂಟು, ಪಾರಿವಾಳ ಡೀಸೆಂಟು, ಕೋಳಿ ಮಾತ್ರ ಹಳ್ಳಿಯವರದು, "ತಿನ್ನುವವರದು". ಬಾಯಿಬಿಟ್ಟು ಹೇಳಲಾರದ್ದನ್ನು ವಾಸನೆ ಅಂತ ಹೇಳುತ್ತಿದ್ದಾರೆ.

ಇದೇ ಜನ ಅಂಗಡಿಯಲ್ಲಿ ಕಂದು ಮೊಟ್ಟೆಯ ಡಬ್ಬಿಗೆ ದುಪ್ಪಟ್ಟು ಕೊಟ್ಟು "ನಾಟಿ" ಅಂತ ತರುತ್ತಾರೆ. ಮೊಟ್ಟೆಯ ಬಣ್ಣ ಬರುವುದು ತಳಿಯಿಂದ, ಪಂಜರದಲ್ಲಿಟ್ಟರೂ ಕಂದೇ! ಆ ಪಂಜರಗಳಲ್ಲಿ ಒಂದೊಂದು ಕೋಳಿಗೆ ಸಿಗುವ ಜಾಗ ಸಾಮಾನ್ಯವಾಗಿ ಒಂದು ಎ೪ ಹಾಳೆಗಿಂತ ಕಡಿಮೆ. ೨೦೧೭ರಲ್ಲಿ ನಮ್ಮ ಕಾನೂನು ಆಯೋಗ ತನ್ನ ೨೬೯ನೇ ವರದಿಯನ್ನು ಬರೆದದ್ದೇ ಈ ಫಾರಮ್ ಕೋಳಿಗಳ ಪಾಡಿನ ಬಗ್ಗೆ. ಆ ಮೊಟ್ಟೆ ತಿನ್ನಬಹುದು, ಅಜ್ಜಿಯ ಕೋಳಿ ಮಣ್ಣು ಕೆದಕಬಾರದು.

ಇನ್ನೊಂದು ವಿಷಯ. ಹಿತ್ತಿಲಲ್ಲಿ ಸಾಕಲೆಂದೇ ಗಿರಿರಾಜ ತಳಿಯನ್ನು ೧೯೮೯ರಲ್ಲಿ, ಸ್ವರ್ಣಧಾರೆಯನ್ನು ೨೦೦೫ರಲ್ಲಿ ಕೊಟ್ಟದ್ದು ಇದೇ ಬೆಂಗಳೂರಿನ ಹೆಬ್ಬಾಳ. ನಾವು ಫ್ಲೈಓವರ್ ಮಾತ್ರ ನೆನಪಿಟ್ಟುಕೊಂಡಿದ್ದೇವೆ!

ಫ್ರಾನ್ಸಿನ ಒಲೆರಾನ್ ದ್ವೀಪದಲ್ಲೂ ರಜೆಗೆ ಬರುತ್ತಿದ್ದವರು ಪಕ್ಕದ ಮನೆಯ ಮೊರೀಸ್ ಅನ್ನುವ ಹುಂಜದ ಮೇಲೆ ಕೋರ್ಟಿಗೆ ಹೋಗಿದ್ದರು. ೨೦೧೯ರಲ್ಲಿ ಕೋರ್ಟು ಹುಂಜದ ಪರ ನಿಂತಿತು, ದೂರು ಕೊಟ್ಟವರೇ ಸಾವಿರ ಯೂರೋ ಪರಿಹಾರ ಕೊಡಬೇಕಾಯಿತು. ೨೦೨೧ರಲ್ಲಿ ಹಳ್ಳಿಯ ಸದ್ದು ಮತ್ತು ವಾಸನೆಗಳನ್ನು ಆ ನಾಡಿನ ಪರಂಪರೆ ಎಂದು ಒಪ್ಪುವ ಕಾನೂನನ್ನೇ ತಂದರು. ನಮಗೆ ಅಷ್ಟು ದೊಡ್ಡ ಕಾನೂನು ಬೇಡ. ಇಷ್ಟು ಸಾಕು: ಮನೆಗೆ ಆರು ಹೇಟೆ, ಬಡಾವಣೆಯೊಳಗೆ ಹುಂಜ ಇಲ್ಲ, ರಾತ್ರಿ ಗೂಡಿಗೆ ಬಾಗಿಲು, ಒಣ ಹಾಸು, ವರ್ಷ ವರ್ಷ ಲಸಿಕೆ. ಹಿಂದಿನ ಬೀದಿಯ ಹಳೇ ಮನೆಗಳ ತಂಟೆಗೆ ಹೋಗುವ ಹಾಗಿಲ್ಲ, ಅವರು ನಮಗಿಂತ ಮೊದಲಿನವರು.

ಮುಂದಿನ ಭಾನುವಾರ ಸಂಘದ ಸಭೆ ಇದೆ. ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇನೆ, ಅವರ ಮುಖ ನೋಡಿಕೊಂಡೇ ಕೈ ಎತ್ತಲಿ. ನಿಮ್ಮ ಬಡಾವಣೆಯಲ್ಲಿ ಹೇಗಿದೆ? ಏನಂತೀರಿ?