ತೂಕ ಇಳಿಸುವ ಸೂಜಿ ಅಗ್ಗವಾಯಿತು, ಹಾಕೋದು ಕಲಿಸೋರು ಯಾರು?

2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಕೂತಾಗ ಕೇಳಿದ್ದು ಟನ್ನಿಗೆ 3,500 ರೂಪಾಯಿ. ಸರ್ಕಾರ ಕೊನೆಗೆ 3,300ಕ್ಕೆ ಒಪ್ಪಿಸಿತು. ಅದೇ ವರ್ಷ ಮಾರ್ಚಿನಲ್ಲಿ ಎಲಿ ಲಿಲ್ಲಿ ಕಂಪನಿ ಭಾರತಕ್ಕೆ ತಂದ ಮೌಂಜಾರೊ ಎಂಬ ತೂಕ ಇಳಿಸುವ, ಸಕ್ಕರೆ ಇಳಿಸುವ ಇಂಜೆಕ್ಷನ್ನಿನ ಅತಿ ಸಣ್ಣ ಡೋಸಿನ ಬೆಲೆಯೂ 3,500 ರೂಪಾಯಿ. ಅದು ಒಂದು ವಾರಕ್ಕೆ. ಒಂದು ಟನ್ ಕಬ್ಬು ಕಡಿದು, ಹೊತ್ತು, ಟ್ರ್ಯಾಕ್ಟರಿಗೆ ಹೇರಿ ಕಾರ್ಖಾನೆ ಮುಟ್ಟಿಸಿದರೂ ಅರ್ಧ ಮಿಲಿಲೀಟರ್ ಔಷಧಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಇದು ಮೊದಲಿಗೆ 'ದೊಡ್ಡವರ ಸೂಜಿ' ಆಗಿಯೇ ಉಳಿಯಿತು.

ಈಗ ಲೆಕ್ಕ ಬದಲಾಗಿದೆ. 2025ರ ಜೂನಿನಲ್ಲಿ ಬಂದ ವೆಗೋವಿ ತಿಂಗಳಿಗೆ 17 ಸಾವಿರ ದಾಟಿತ್ತು. ನವೆಂಬರಿನಲ್ಲಿ ಅದರ ಆರಂಭದ ಡೋಸನ್ನು 10,850ಕ್ಕೆ ಇಳಿಸಿದರು. ಡಿಸೆಂಬರಿನಲ್ಲಿ ಅದೇ ಕಂಪನಿಯ ಒಜೆಂಪಿಕ್ 8,800ಕ್ಕೆ ಬಂತು. 2026ರ ಮಾರ್ಚಿನಲ್ಲಿ ಈ ಎರಡರ ಒಳಗಿರುವ ಸೆಮಾಗ್ಲುಟೈಡ್ ಔಷಧದ ಪೇಟೆಂಟೇ ಭಾರತದಲ್ಲಿ ಮುಗಿಯಿತು. ದೇಶೀ ಕಂಪನಿಗಳ ಪೆನ್ನು, ವಯಲ್ಲುಗಳು ಇನ್ನೂ ಅಗ್ಗವಾಗಿ ಬಂದವು. ಬೆಂಗಳೂರಿನ ಚರ್ಚೆ ಬೆಲೆ ಎಷ್ಟು ಇಳಿಯಿತು ಅನ್ನುವಲ್ಲಿಗೆ ನಿಂತಿದೆ. ನನಗೆ ಚಿಂತೆ ಅದರ ಆಚೆಯದು. ಈ ಔಷಧವನ್ನು ದವಾಖಾನೆಯಲ್ಲಿ ನರ್ಸ್ ಹಾಕುವುದಿಲ್ಲ, ವಾರಕ್ಕೊಮ್ಮೆ ಮನೆಯಲ್ಲಿ ತಾವೇ ಹಾಕಿಕೊಳ್ಳಬೇಕು. ಬೆಲೆ ಇಳಿದಷ್ಟು ವೇಗದಲ್ಲಿ ಹಾಕಿಕೊಳ್ಳುವ ತಿಳಿವಳಿಕೆ ಗಡಿ ತಾಲ್ಲೂಕುಗಳಿಗೆ ಬಂದಿಲ್ಲ.

'ನಮ್ಮಂಥ ದುಡಿಯೋ ಮಂದಿಗೆ ಬೊಜ್ಜೆಲ್ಲಿ ಬಂತ್ರೀ' ಅನ್ನುವ ಮಾತನ್ನು ಮೊದಲೇ ಬದಿಗಿಡೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಹೆಂಗಸರು ಶೇ 30.1, ಗಂಡಸರು ಶೇ 30.9. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.3 ಮತ್ತು 22.1 ಇತ್ತು. ನಿಪ್ಪಾಣಿಯಲ್ಲಿ ದಿನವಿಡೀ ಕೂತು ಬೀಡಿ ಕಟ್ಟುವ ಅಕ್ಕಂದಿರ ದುಡಿಮೆಗೆ ಮೈ ಕರಗಿಸುವ ಗುಣವಿಲ್ಲ. ಬೆನ್ನು ಮುರಿಯುವ ಗುಣ ಮಾತ್ರ ಇದೆ. ಅಂಥವರಿಗೆ ಸಕ್ಕರೆ, ಬಿಪಿ, ಮೊಣಕಾಲು ನೋವು ಒಟ್ಟಿಗೇ ಬಂದಾಗ ಈ ಔಷಧ ಸೋಗಲ್ಲ, ನಿಜಕ್ಕೂ ಬೇಕಾದ ಚಿಕಿತ್ಸೆ. 68 ವಾರಗಳ ಒಂದು ದೊಡ್ಡ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ತಗೊಂಡವರ ತೂಕ ಸರಾಸರಿ ಶೇ 14.9ರಷ್ಟು ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಡಿಸೆಂಬರಿನಲ್ಲಿ ಬೊಜ್ಜಿನ ದೀರ್ಘಕಾಲದ ಚಿಕಿತ್ಸೆಗೆ ಇವನ್ನು ಷರತ್ತಿನ ಮೇಲೆ ಬಳಸಬಹುದು ಎಂದು ಹೇಳಿತು. ಮದುವೆಗೆ ಮುಂಚೆ ನಾಲ್ಕು ಕಿಲೋ ಇಳಿಸೋಕೆ ಇದಲ್ಲ. ಬಿಎಂಐ 30 ಮೇಲಿದ್ದವರಿಗೆ, ಇಲ್ಲವೇ 27 ಮೇಲಿದ್ದು ಜೊತೆಗೆ ಸಕ್ಕರೆ, ಬಿಪಿಯಂಥ ತೊಂದರೆ ಇದ್ದವರಿಗೆ ಇದನ್ನು ಒಪ್ಪಿರುವುದು.

ಇನ್ನು ನಮ್ಮ ಕಡೆಯ ಭೂಗೋಳ ನೋಡಿ. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ್ ಹತ್ತಿರ. ಉಗಾರ, ಕುಡಚಿ, ರಾಯಬಾಗದವರು ರೈಲು ಹತ್ತಿದರೆ ಮಿರಜ್. ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರ. ದೊಡ್ಡ ಡಾಕ್ಟರು ಆ ಕಡೆ, ಮನೆ ಈ ಕಡೆ. ಅಲ್ಲಿ ಮರಾಠಿಯಲ್ಲಿ ಎರಡು ನಿಮಿಷ ಹೇಳಿದ್ದು, ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ, ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಇಂಗ್ಲಿಷ್ ಕಾಗದ, ಮನೆಯಲ್ಲಿ ಕನ್ನಡ ಓದುವ ಸೊಸೆ. ಈ ನಾಲ್ಕರ ನಡುವೆ ಎಲ್ಲೋ ಡೋಸ್ ತಪ್ಪುತ್ತದೆ. ಮುಂದಿನ ತಿಂಗಳು ಡೋಸ್ ಏರಿಸಬೇಕೋ ಬ್ಯಾಡೋ ಎಂದು ಕೇಳಲು ಮತ್ತೆ ರಾಜ್ಯ ದಾಟಬೇಕು. ದಾಟದವರು ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೇ ಕೇಳುತ್ತಾರೆ.

ಡೋಸ್ ಏರಿಸುವುದು ಇಲ್ಲಿ ಸಣ್ಣ ಮಾತಲ್ಲ. ಸೆಮಾಗ್ಲುಟೈಡ್ ಶುರುವಾಗುವುದು ವಾರಕ್ಕೆ 0.25 ಮಿಲಿಗ್ರಾಂನಿಂದ. ನಾಲ್ಕು ವಾರ ಅದೇ, ಆಮೇಲೆ 0.5, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಮೊದಲ ಡೋಸ್ ತೂಕ ಇಳಿಸುವುದಕ್ಕಲ್ಲ, ಹೊಟ್ಟೆಗೆ ರೂಢಿ ಮಾಡಿಸುವುದಕ್ಕೆ. 'ಎರಡು ವಾರ ಆತು, ಏನೂ ಇಳೀಲಿಲ್ಲ' ಎಂದು ತಾವೇ ದುಪ್ಪಟ್ಟು ಹಾಕಿಕೊಂಡವರಿಗೆ ವಾಂತಿ, ಭೇದಿ ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಕಿಡ್ನಿಗೂ ಪೆಟ್ಟು ಬೀಳಬಹುದು. ಇಂಜೆಕ್ಷನ್ ಮಾಡಿಸಿಕೊಂಡರೆ ಲಗೂ ಆರಾಮ ಆಗುತ್ತದೆ ಎನ್ನುವ ನಮ್ಮ ಹಳೆಯ ನಂಬಿಕೆ ಈ ಔಷಧದ ಮುಂದೆ ತಿರುಗುಬಾಣ. ಇದು ನಿಧಾನದ ಸೂಜಿ.

ಪೆನ್ನು ಇದ್ದರೆ ತಕ್ಕಮಟ್ಟಿಗೆ ಸಲೀಸು. ವಯಲ್ಲು ಬಂದರೆ ತಾಪತ್ರಯ ಬೇರೆಯೇ. ಔಷಧ ಬರೆದಿರುವುದು ಮಿಲಿಗ್ರಾಂನಲ್ಲಿ, ಸಿರಿಂಜಿನ ಮೇಲಿರುವುದು ಯೂನಿಟ್ ಅಥವಾ ಮಿಲಿಲೀಟರ್. ಯು-100 ಇನ್ಸುಲಿನ್ ಸಿರಿಂಜಿನಲ್ಲಿ 100 ಯೂನಿಟ್ ಅಂದರೆ ಒಂದು ಮಿಲಿಲೀಟರ್, ಅದಕ್ಕೂ ಮಿಲಿಗ್ರಾಂಗೂ ನೇರ ಸಂಬಂಧವಿಲ್ಲ. ಮೌಂಜಾರೊ ವಯಲ್ಲಿನಲ್ಲಿ 2.5 ಮಿಲಿಗ್ರಾಂ ಇದ್ದರೂ ಅರ್ಧ ಮಿಲಿಲೀಟರ್, 5 ಮಿಲಿಗ್ರಾಂ ಇದ್ದರೂ ಅರ್ಧ ಮಿಲಿಲೀಟರ್. ಸಿರಿಂಜ್ ನೋಡಿ ಎಷ್ಟು ಹೋಯಿತು ಅಂತ ಹೇಳೋಕೆ ಆಗೋದೇ ಇಲ್ಲ, ವಯಲ್ಲಿನ ಚೀಟಿಯನ್ನೇ ಓದಬೇಕು. ಅಮೆರಿಕದಲ್ಲೇ ಸಿರಿಂಜಿನಲ್ಲಿ ಎಳೆದುಕೊಳ್ಳುವ ಸೆಮಾಗ್ಲುಟೈಡ್ ಬಳಸಿದವರು ಲೆಕ್ಕ ತಪ್ಪಿ 5ರಿಂದ 20 ಪಟ್ಟು ಹೆಚ್ಚು ಹಾಕಿಕೊಂಡು ಆಸ್ಪತ್ರೆ ಸೇರಿದ್ದರು. ಅಲ್ಲಿನ ಔಷಧ ನಿಯಂತ್ರಕರು 2024ರ ಜುಲೈನಲ್ಲಿ ಇದಕ್ಕಾಗಿಯೇ ಎಚ್ಚರಿಕೆ ಹೊರಡಿಸಿದರು. ಓದು ಬಲ್ಲವರೇ ಎಡವಿದ ಜಾಗ ಇದು. ಒಂದೇ ಡೋಸಿನ ವಯಲ್ಲನ್ನು ಗಂಡ ಹೆಂಡತಿ ಅರ್ಧರ್ಧ ಮಾಡಿಕೊಳ್ಳುವುದು, ಉಳಿದದ್ದನ್ನು ಮುಂದಿನ ವಾರಕ್ಕೆ ಇಡುವುದು ಎರಡೂ ಕೂಡದು. ಅದರಲ್ಲಿ ಸೋಂಕು ತಡೆಯುವ ಮದ್ದು ಬೆರೆಸಿರುವುದಿಲ್ಲ. ನಾಲ್ಕು ಡೋಸಿನ ಪೆನ್ನಿನ ತಳದಲ್ಲಿ ಉಳಿದ ಹನಿಯನ್ನು ಸಿರಿಂಜಿನಲ್ಲಿ ಎಳೆದು ಐದನೇ ಡೋಸ್ ಮಾಡುವ ಮೊಬೈಲ್ ವಿಡಿಯೊಗಳನ್ನೂ ನಂಬಬೇಡಿ.

ಹಾಕುವ ಕೆಲಸ ಕಷ್ಟದ್ದಲ್ಲ, ಇನ್ಸುಲಿನ್ ಹಾಕಿಕೊಳ್ಳುವ ನಮ್ಮ ಅಜ್ಜಿಯರಿಗೆ ಗೊತ್ತಿರುವುದೇ. ಕೈ ತೊಳೆದು, ಪೆನ್ನಿನ ಹೆಸರು, ಡೋಸು, ತಾರೀಖು ನೋಡಿ. ಔಷಧ ತಿಳಿಯಾಗಿರಬೇಕು, ಕದಡಿದ್ದರೆ, ಕಣ ತೇಲಿದರೆ ವಾಪಸ್ ಕೊಡಿ. ಪ್ರತಿ ಸಲ ಹೊಸ ಸೂಜಿ. ಹೊಕ್ಕುಳಿನಿಂದ ಮೂರ್ನಾಲ್ಕು ಬೆರಳು ದೂರ ಹೊಟ್ಟೆಗೆ, ಇಲ್ಲವೇ ತೊಡೆಯ ಮುಂಭಾಗಕ್ಕೆ. ತೋಳಿಗಾದರೆ ಬೇರೆಯವರು ಹಾಕಲಿ. ಹೋದ ವಾರದ ಜಾಗ ಬಿಟ್ಟು ಬೇರೆ ಜಾಗ. ಗುಂಡಿ ಒತ್ತಿ ಅಂಕಿ ಸೊನ್ನೆಗೆ ಬಂದ ಕೂಡಲೇ ಸೂಜಿ ಕೀಳಬಾರದು, ಐದಾರು ಎಣಿಸುವವರೆಗೆ ಚರ್ಮದಲ್ಲೇ ಇರಲಿ, ಇಲ್ಲದಿದ್ದರೆ ದುಡ್ಡು ಕೊಟ್ಟ ಹನಿ ಹೊರಗೆ ಸೋರುತ್ತದೆ. ಎಷ್ಟು ಎಣಿಸಬೇಕು, ಮೊದಲ ಸಲ ಹನಿ ಬಿಟ್ಟು ನೋಡಬೇಕೋ ಎನ್ನುವುದು ಒಂದೊಂದು ಕಂಪನಿಯ ಪೆನ್ನಿಗೆ ಒಂದೊಂದು ಥರ. ಅಂಗಡಿಯವರು ಅಗ್ಗದ ಇನ್ನೊಂದು ಕಂಪನಿಯದ್ದು ಕೊಟ್ಟರೆ ಹಾಕೋ ವಿಧಾನವನ್ನೂ ಮತ್ತೆ ಕೇಳಿ.

ವಾರದ ಸೂಜಿಗೆ ಒಂದು ವಾರ ಗೊತ್ತು ಮಾಡಿಕೊಳ್ಳುವುದು ಒಳ್ಳೇದು, ಸಂತೆಯ ದಿನ ಅಂದುಕೊಂಡರೂ ಆಯಿತು, ಮರೆಯುವುದಿಲ್ಲ. ಮರೆತರೆ ಸೆಮಾಗ್ಲುಟೈಡನ್ನು ಐದು ದಿನದೊಳಗೆ, ಮೌಂಜಾರೊವನ್ನು ನಾಲ್ಕು ದಿನದೊಳಗೆ ನೆನಪಾದರೆ ಹಾಕಿಕೊಳ್ಳಬಹುದು. ಅದೂ ದಾಟಿದರೆ ಆ ವಾರ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಹಾಕಬೇಡಿ. ಎರಡು ಮೂರು ವಾರ ತಪ್ಪಿದ್ದರೆ ಮತ್ತೆ ಯಾವ ಡೋಸಿನಿಂದ ಶುರು ಮಾಡಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ಫ್ರಿಜ್ಜಿನ ಕಥೆಗೆ ಬರೋಣ. ಶುರು ಮಾಡದ ಪೆನ್ನು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸಲು ಶುರು ಮಾಡಿದ ಒಜೆಂಪಿಕ್ ಪೆನ್ನು 30 ಡಿಗ್ರಿಯೊಳಗೆ 56 ದಿನ, ಮೌಂಜಾರೊ ಪೆನ್ನು 30 ದಿನ ತಡೆಯುತ್ತದೆ. ಅಥಣಿಯಲ್ಲಿ ಏಪ್ರಿಲ್ ಮಧ್ಯಾಹ್ನ 30 ಡಿಗ್ರಿ ಅಂದರೆ ತಂಪು ಅಂತ ಲೆಕ್ಕ. ಮಿರಜ್‌ನಿಂದ ಬೈಕಿನ ಡಿಕ್ಕಿಯಲ್ಲಿ ಬಂದ ಪೆನ್ನು ದಾರಿಯಲ್ಲೇ ಕಾದಿರುತ್ತದೆ. ಕರೆಂಟು ಹೋದರೆ ಹೇಗೆ ಅಂತ ಐಸ್ ಮಾಡುವ ಖಾನೆಯಲ್ಲಿ ಇಡುವುದು ಇನ್ನೂ ಕೆಟ್ಟದ್ದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ ಅನ್ನುವುದೇ ಮೋಸ. ಕೆಟ್ಟ ಹಾಲು ಒಡೆಯುತ್ತದೆ, ಕೆಟ್ಟ ಇಂಜೆಕ್ಷನ್ ಒಡೆಯುವುದಿಲ್ಲ. ತರುವಾಗ ಒಂದು ಥರ್ಮಾಸ್, ಒಳಗೆ ಐಸ್ ಪ್ಯಾಕು, ಆದರೆ ಐಸಿಗೂ ಪೆನ್ನಿಗೂ ನಡುವೆ ಬಟ್ಟೆ ಇರಲಿ. ರಾತ್ರಿಯಿಡೀ ಕರೆಂಟಿಲ್ಲದ ಊರಿನ ಮೆಡಿಕಲ್ ಅಂಗಡಿಗೆ ಇನ್ವರ್ಟರ್ ಇದೆಯೋ ಇಲ್ಲವೋ ಎಂದು ಗಿರಾಕಿ ಕೇಳಿದರೆ ತಪ್ಪೇನಿಲ್ಲ. ಔಷಧ ನಿಯಂತ್ರಣ ಅಧಿಕಾರಿಗಳಂತೂ ಕೇಳಲೇಬೇಕು.

ಡಾಕ್ಟರಿಗೆ ಬಚ್ಚಿಡಬಾರದ ಸಂಗತಿಗಳಿವೆ. ಮನೆತನದಲ್ಲಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಇದು ಕೂಡದು. ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದರೆ ಮೊದಲೇ ಹೇಳಿ. ಬಸುರಿಯರಿಗೆ ಬೇಡ, ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಮೌಂಜಾರೊ ತಗೊಳ್ಳುವಾಗ ಗರ್ಭನಿರೋಧಕ ಗುಳಿಗೆಯ ಶಕ್ತಿ ಕಡಿಮೆಯಾಗಬಹುದು. ಹೊಸದಾಗಿ ಮದುವೆಯಾದವರಿಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಕ್ಕರೆಗೆ ಗ್ಲಿಮೆಪಿರೈಡ್ ಗುಳಿಗೆ ಅಥವಾ ಇನ್ಸುಲಿನ್ ನಡೆಯುತ್ತಿದ್ದರೆ ಅದರ ಡೋಸ್ ಇಳಿಸಬೇಕಾಗಬಹುದು. ನಮ್ಮ ಕಡೆ ಶ್ರಾವಣ ಸೋಮವಾರ, ಆಷಾಢ ಏಕಾದಶಿಗೆ ಪಂಢರಪುರದ ವಾರಿ, ರಂಜಾನ್ ರೋಜಾ ಎಲ್ಲ ಉಂಟು. ಹಸಿವೇ ಆಗದ ಔಷಧದ ಮೇಲೆ ಉಪವಾಸ, ಉಪವಾಸದ ಮೇಲೆ ಸಕ್ಕರೆಯ ಗುಳಿಗೆ, ಅದರ ಮೇಲೆ ಬಿಸಿಲಲ್ಲಿ ನಡಿಗೆ ಆದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ಬೆನ್ನಿಗೆ ಹಾಯುವ ತಡೆಯಲಾಗದ ಹೊಟ್ಟೆನೋವು ಬಂದರೆ 'ಪಿತ್ತ ಆಗೇತಿ' ಅಂತ ಸೋಡಾ ಕುಡಿದು ಮಲಗಬೇಡಿ, ಅವತ್ತೇ ದವಾಖಾನೆಗೆ ಹೋಗಿ. ಯಾವುದೇ ಆಪರೇಷನ್ ಇದ್ದರೂ ಈ ಸೂಜಿ ನಡೆದಿದೆ ಎಂದು ಮುಂಚೆಯೇ ತಿಳಿಸಿ. ಊಟ ಹೊಟ್ಟೆಯಲ್ಲಿ ತಡವಾಗಿ ಕರಗುವುದರಿಂದ ಅರಿವಳಿಕೆ ಕೊಡುವವರಿಗೆ ಅದು ಗೊತ್ತಿರಬೇಕು.

ಇದೆಲ್ಲ ಹೇಳಿದ ಮೇಲೂ, ತಪ್ಪನ್ನು ರೋಗಿಯ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಗೆ 'ತಿಂಗಳಲ್ಲಿ ಹತ್ತು ಕಿಲೋ' ಎಂದು ಅಂಟಿಸುವ ಜಾಹೀರಾತು ಇಂದು ನಿನ್ನೆಯದಲ್ಲ. 1954ರ ಮಾಂತ್ರಿಕ ಔಷಧ ಜಾಹೀರಾತು ತಡೆ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ, ಸಕ್ಕರೆ ಕಾಯಿಲೆಯೂ ಇದೆ. ಎಪ್ಪತ್ತು ವರ್ಷದಿಂದ ಕಾನೂನು ಇದ್ದೂ ಗೋಡೆ ಖಾಲಿಯಾಗಿಲ್ಲ. ಅಗ್ಗದ ಅಸಲಿ ಔಷಧ ಬಂದರೆ ನಕಲಿ ತಾನೇ ಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನಿನಲ್ಲಿ ಬ್ರಿಟನ್, ಬ್ರೆಜಿಲ್, ಅಮೆರಿಕದಲ್ಲಿ ಸಿಕ್ಕ ನಕಲಿ ಒಜೆಂಪಿಕ್ ಬಗ್ಗೆ ಎಚ್ಚರಿಸಿತ್ತು. ಅಂಥ ದೇಶಗಳ ಕಣ್ಣಿಗೇ ಮಣ್ಣೆರಚಿದವರಿಗೆ, ಎರಡು ರಾಜ್ಯದ ಅಧಿಕಾರಿಗಳು 'ಅದು ನಮ್ಮ ಹದ್ದಲ್ಲ' ಅನ್ನಬಹುದಾದ ಗಡಿ ಇನ್ನೂ ಅನುಕೂಲ. ಬಿಲ್ಲು, ಬ್ಯಾಚ್ ನಂಬರು ಇಲ್ಲದ ಪೆನ್ನನ್ನು ಯಾರೇ ಕೊಟ್ಟರೂ, ಪೈಕಿಯವರೇ ಕೊಟ್ಟರೂ ಬೇಡ ಅನ್ನಿ. ಸೂಜಿ ಬದಲಿಸಿದರೂ ಒಂದೇ ಪೆನ್ನನ್ನು ಇಬ್ಬರು ಬಳಸಬಾರದು ಅನ್ನುವುದೂ ಇದರ ಜೊತೆಗೇ ಸೇರಿದ್ದು. ರಕ್ತದಿಂದ ಹರಡುವ ಕಾಮಾಲೆ, ಎಚ್‌ಐವಿ ಪೆನ್ನಿನೊಳಗೂ ಹೋಗಬಲ್ಲವು. ಅಕ್ಕ ತಂಗಿಯರಾದರೂ ಅಷ್ಟೇ.

ಮತ್ತೊಂದು ಲೆಕ್ಕ ಯಾವ ಅಂಗಡಿಯಲ್ಲೂ ಹೇಳುವುದಿಲ್ಲ. ಸೂಜಿ ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರನೇ ಎರಡರಷ್ಟು ವಾಪಸ್ ಬಂದದ್ದನ್ನು ಆ ಪ್ರಯೋಗದ ಮುಂದುವರಿಕೆಯೇ ತೋರಿಸಿದೆ. ಕಬ್ಬಿನ ಬಿಲ್ ಬಂದಾಗ ನಾಲ್ಕು ತಿಂಗಳು ಹಾಕಿ, ಬಿಲ್ ಮುಗಿದಾಗ ಬಿಡುವ ಔಷಧ ಇದಲ್ಲ. ಹಸಿವು ಕಡಿಮೆಯಾಯಿತೆಂದು ಚಹಾ ಬಿಸ್ಕೀಟಿನಲ್ಲಿ ದಿನ ಕಳೆದರೆ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತದೆ. ತಿನ್ನುವ ಎರಡು ತುತ್ತಿನಲ್ಲೇ ಬೇಳೆ, ಮೊಳಕೆ ಕಾಳು, ಮೊಸರು, ತತ್ತಿ ಇರಬೇಕು.

ಸರ್ಕಾರ ಮಾಡಬಹುದಾದದ್ದಕ್ಕೆ ಹೊಸ ಯೋಜನೆ ಬೇಕಿಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಸಿಬ್ಬಂದಿಗೆ 'ಮನೆಯಲ್ಲಿ ಯಾರಾದರೂ ವಾರದ ಇಂಜೆಕ್ಷನ್ ತಗೊಳ್ತೀರಾ' ಎಂಬ ಒಂದು ಪ್ರಶ್ನೆ ಹೆಚ್ಚಿಗೆ ಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಮೊದಲ ಸೂಜಿಯನ್ನು ಎದುರಿಗೆ ಕೂರಿಸಿ ಹಾಕಿಸಲಿ, ಔಷಧ ಎಲ್ಲಿಂದ ತಂದರೆ ಏನಂತೆ. ಪೆನ್ನಿನ ಪೆಟ್ಟಿಗೆಯಲ್ಲಿ ದಪ್ಪ ಅಕ್ಷರದ ಕನ್ನಡ ಚೀಟಿ ಇರಲಿ, ನಮ್ಮ ಐದು ತಾಲ್ಲೂಕಿಗಂತೂ ಮರಾಠಿಯಲ್ಲೂ ಇರಲಿ. ಗಡಿಯ ಭಾಷಾ ಜಗಳವನ್ನು ಔಷಧದ ಚೀಟಿಗೆ ತರುವುದು ಬೇಡ.

ಬಳಸಿದ ಸೂಜಿಯ ಮಾತು ಉಳಿಯಿತು. 2016ರ ಘನತ್ಯಾಜ್ಯ ನಿಯಮಗಳಲ್ಲೇ ಮನೆಯ ಸೂಜಿ, ಸಿರಿಂಜನ್ನು ಅಪಾಯಕಾರಿ ಕಸವೆಂದು ಬೇರೆ ಮಾಡಲಾಗಿತ್ತು. ನಮ್ಮಲ್ಲಿ ಅದು ಪ್ಲಾಸ್ಟಿಕ್ ಚೀಲದಲ್ಲಿ ತಿಪ್ಪೆಗೆ ಹೋಗುತ್ತದೆ, ಇಲ್ಲವೇ ಕಸದ ಗಾಡಿಯಲ್ಲಿ ಪೌರಕಾರ್ಮಿಕರ ಬರಿಗೈಗೆ ಚುಚ್ಚುತ್ತದೆ. ಒಬ್ಬ ರೋಗಿಗೆ ವರ್ಷಕ್ಕೆ 52 ಸೂಜಿ. ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರೂ, ತುಂಬಿದ ಡಬ್ಬಿಯನ್ನು ಕೊಡುವ ಜಾಗ ಬೇಕಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಆಸ್ಪತ್ರೆಯದೇ ಸೂಜಿಗಳಿಗೆ ಬಿಳಿ ಡಬ್ಬಿ ಇವೆ. ಅವುಗಳ ಪಕ್ಕ ಊರಿನವರಿಗಾಗಿ ಇನ್ನೊಂದು ಇಡಲು ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಆದೇಶ ಸಾಕು.